ಬಾಗಿಲ ಹೊರಗೆ ನಿಂತ ಪೇತ್ರ

ಪ್ರತಿವರ್ಷ ಆಗಸ್ಟ್ ತಿಂಗಳ ಎರಡನೆಯ ಭಾನುವಾರವನ್ನು ಭಾರತದ ಕಥೋಲಿಕ ಧರ್ಮಸಭೆಯು ಕಾರಾಗೃಹ ಸೇವೆಯ ಭಾನುವಾರವೆಂದು ಆಚರಿಸುತ್ತದೆ. ಅದೇ ತಿಂಗಳ 14ರಂದು ಬರುವ ಹಬ್ಬ ಈ ಸೇವೆಯ ಪಾಲಕರಾದ ಸಂತ ಮ್ಯಾಕ್ಸಿಮಿಲಿಯನ್ ಕೋಲ್ಬೆಯವರದು. 1941ರಲ್ಲಿ ಔಶ್ವಿಟ್ಸ್ ಶಿಬಿರದಲ್ಲಿ, ಉಪವಾಸದಿಂದ ಸಾಯಲೆಂದು ಆರಿಸಲ್ಪಟ್ಟ ಸಂಸಾರಸ್ಥನೊಬ್ಬನ ಬದಲಿಗೆ ತಾವು ಮುಂದೆ ಬಂದು ನಿಂತು ಪ್ರಾಣಕೊಟ್ಟ ಗುರುಗಳು ಅವರು. ನಮ್ಮ ದೇವಾಲಯಗಳಲ್ಲಿ ಆ ಭಾನುವಾರ ಒಂದು ವಿಶೇಷ ಪ್ರಾರ್ಥನೆ ನಡೆಯುತ್ತದೆ, ಒಂದು ಕಾಣಿಕೆ ಎತ್ತಲಾಗುತ್ತದೆ, ಪ್ರಬೋಧನೆಯಲ್ಲಿ ನಾಲ್ಕು ಮಾತು ಬರುತ್ತದೆ. ಮರುದಿನ ಎಲ್ಲವೂ ಮೊದಲಿನಂತೆಯೇ. ಈ ವಾರ ನಾವು ಬರೆಯಹೊರಟಿರುವುದು ಆ ಮರುದಿನದ ಬಗ್ಗೆ.

ಕೆಲವು ವರ್ಷಗಳ ಹಿಂದಿನ ಮಾತು. ಬಲಿಪೂಜೆ ಮುಗಿದು ಜನ ಚದುರುತ್ತಿದ್ದಾಗ ರೂಪನಗುಡಿ ಕಡೆಯ ತಾಯಿಯೊಬ್ಬಳು ನಮ್ಮ ಬಳಿಗೆ ಬಂದಳು. ಮೆಣಸಿನಕಾಯಿ ಬಿಡಿಸುವ ಕೂಲಿ ಅವಳದು. ಮಗ ಕಳ್ಳತನದ ಆರೋಪದ ಮೇಲೆ ಬಂಧನದಲ್ಲಿದ್ದ. ಅವನನ್ನು ಕಾಣಲು ಹೋದ ದಿನವೆಲ್ಲ ಅವಳಿಗೆ ಒಂದು ದಿನದ ಕೂಲಿ ಹೋಗುತ್ತಿತ್ತು, ಮೇಲೆ ಬಸ್ಸಿನ ಖರ್ಚು. ನಾವು ಎಂದಿನಂತೆ ಸಮಾಧಾನ ಹೇಳಿ, ಪ್ರಾರ್ಥಿಸುವುದಾಗಿ ಮಾತುಕೊಟ್ಟು, ಕೈಯಲ್ಲಿದ್ದಷ್ಟು ಹಣ ಕೊಡಹೋದೆವು. ಅವಳು ಹಣ ಹಿಡಿಯಲಿಲ್ಲ. "ರೊಕ್ಕ ಬ್ಯಾಡ್ರಿ ಫಾದರ್. ಬೇಲ್ ಕೊಟ್ಟಾರಂತ್ರಿ. ಪಹಣಿ ಇದ್ದೋರು ಒಬ್ರು ಸಹಿ ಮಾಡ್ಬೇಕಂತ್ರಿ. ನಮಗ ಹೊಲ ಎಲ್ಲೈತ್ರಿ?" ಎಂದಳು.

ನ್ಯಾಯಾಲಯ ಅವನನ್ನು ಬಿಡಬಹುದೆಂದು ಹೇಳಿ ಆಗಲೇ ಕೆಲವು ವಾರಗಳಾಗಿದ್ದವು. ಅವನನ್ನು ಒಳಗೆ ಹಿಡಿದಿಟ್ಟಿದ್ದುದು ಅಪರಾಧವಲ್ಲ, ತೀರ್ಪಲ್ಲ. ಒಂದು ಹಾಳೆ ಪಹಣಿ. ತತ್ತ್ವಶಾಸ್ತ್ರವನ್ನು ವರ್ಷಗಟ್ಟಲೆ ಓದಿ, ನ್ಯಾಯವೆಂದರೇನೆಂದು ಪರೀಕ್ಷೆಗಳಲ್ಲಿ ಪುಟಗಟ್ಟಲೆ ಬರೆದ ನಮಗೆ ಆ ತಾಯಿಗೆ ಕೊಡಲು ಅಂದು ಉತ್ತರವಿರಲಿಲ್ಲ.

ಇದು ಒಬ್ಬ ತಾಯಿಯ ಕಥೆಯಷ್ಟೇ ಆಗಿದ್ದರೆ ಸಂಪಾದಕೀಯದ ವಿಷಯವಾಗುತ್ತಿರಲಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಟಿಸಿದ ಅಂಕಿಅಂಶಗಳ ಪ್ರಕಾರ 2022ರ ಕೊನೆಯಲ್ಲಿ ಭಾರತದ ಕಾರಾಗೃಹಗಳಲ್ಲಿದ್ದವರು 5,73,220 ಮಂದಿ. ಅವರಲ್ಲಿ 4,34,302 ಮಂದಿ ವಿಚಾರಣಾಧೀನರು; ಅಂದರೆ ನಾಲ್ವರಲ್ಲಿ ಮೂವರು. ಆ ಕಾರಾಗೃಹಗಳೆಲ್ಲವುಗಳ ಒಟ್ಟು ಸಾಮರ್ಥ್ಯವೇ 4,36,266. ಶಿಕ್ಷೆಯಾದವರನ್ನು ಲೆಕ್ಕಕ್ಕೆ ಹಿಡಿಯದೆಯೇ, ತೀರ್ಪಿಗಾಗಿ ಕಾಯುತ್ತಿರುವವರಿಂದಲೇ ದೇಶದ ಸೆರೆಮನೆಗಳು ತುಂಬಿಹೋಗಿದ್ದವೆಂದು ಇದರ ಅರ್ಥ. 'ಜೈಲಿನಲ್ಲಿರುವವರೆಲ್ಲ ತಪ್ಪು ಮಾಡಿದವರು' ಎಂದು ನಮ್ಮ ಮನೆಗಳಲ್ಲಿ ಊಟದ ಹೊತ್ತಿಗೆ ಹಗುರವಾಗಿ ಆಡುವ ಮಾತು ಎಷ್ಟು ಸತ್ಯ ಎಂಬುದನ್ನು ಓದುಗರೇ ಯೋಚಿಸಲಿ.

ಸೆರೆಮನೆ ಬಳ್ಳಾರಿಗೆ ಹೊಸತಲ್ಲ. 1921ರ ನವೆಂಬರಿನಲ್ಲಿ ಮಲಬಾರಿನ ತಿರೂರಿನಿಂದ ಬಳ್ಳಾರಿಯ ಸೆರೆಮನೆಗೆಂದು ಸರಕು ಡಬ್ಬಿಯಲ್ಲಿ ತುಂಬಿ ಕಳುಹಿಸಿದ ಮಾಪಿಳ್ಳೆ ಬಂದಿಗಳಲ್ಲಿ ಸುಮಾರು ಎಪ್ಪತ್ತು ಮಂದಿ ಉಸಿರುಗಟ್ಟಿ ಸತ್ತರು. ಪೋದನೂರಿನಲ್ಲಿ ಬಾಗಿಲು ತೆರೆದಾಗ ಕಂಡದ್ದು ಹೆಣಗಳ ರಾಶಿ. ಇಲ್ಲಿನ ಅಲ್ಲೀಪುರದ ಸೆರೆಮನೆಯಲ್ಲಿ ಸ್ವಾತಂತ್ರ್ಯ ಹೋರಾಟಗಾರರು ದಿನಗಳನ್ನು ಕಳೆದರು. ಅಂದು ಬಂದಿಗಳೆನಿಸಿದವರನ್ನು ಇಂದು ದೇಶಭಕ್ತರೆಂದು ಸ್ಮರಿಸುತ್ತೇವೆ. ಎಲ್ಲ ಬಂದಿಗಳೂ ದೇಶಭಕ್ತರೆಂದು ನಾವು ಹೇಳುತ್ತಿಲ್ಲ. ಗೋಡೆಯ ಆಚೆ ಇರುವವನು ಯಾರು ಎಂಬುದನ್ನು ಗೋಡೆಯೇ ಹೇಳಲಾರದು ಎಂದಷ್ಟೇ ಹೇಳುತ್ತಿದ್ದೇವೆ.

2024ರ ಆಗಸ್ಟ್ ಕೊನೆಯಲ್ಲಿ ಪ್ರಸಿದ್ಧ ಚಿತ್ರನಟರೊಬ್ಬರನ್ನು ಬಳ್ಳಾರಿಯ ಕಾರಾಗೃಹಕ್ಕೆ ಸ್ಥಳಾಂತರಿಸಿದಾಗ ಆ ಬಾಗಿಲ ಮುಂದೆ ಜನಸಂದಣಿ ಸೇರಿತು, ಕ್ಯಾಮೆರಾಗಳು ನೆಟ್ಟವು. ಒಳಗೆ ಏನು ಊಟ, ಯಾರು ಬಂದರು, ಯಾರು ಹೋದರು ಎಂಬುದೆಲ್ಲ ರಾಜ್ಯಕ್ಕೆ ಸುದ್ದಿಯಾಯಿತು. ಅವರ ಪ್ರಕರಣದ ಬಗ್ಗೆ ನಮಗೆ ಹೇಳಲು ಏನೂ ಇಲ್ಲ. ಅದು ನ್ಯಾಯಾಲಯದ ಕೆಲಸ. ಆದರೆ ಅಕ್ಟೋಬರ್ ಕೊನೆಯಲ್ಲಿ ಅವರು ಅಲ್ಲಿಂದ ಹೊರಬಂದ ಮೇಲೆ ಕ್ಯಾಮೆರಾಗಳೂ ಹೊರಟುಹೋದವು. ಉಳಿದವರು ಅಲ್ಲೇ ಉಳಿದರು. ಅವರನ್ನು ನೋಡಬಂದ ತಾಯಂದಿರು, ಹೆಂಡಂದಿರು ಬುತ್ತಿ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಸರದಿಗಾಗಿ ಕಾಯುವುದು ಯಾರಿಗೂ ಸುದ್ದಿಯಲ್ಲ.

ನಮ್ಮ ಪ್ರಭುವಿಗೆ ಮಾತ್ರ ಅದು ಸುದ್ದಿ. ಸಂತ ಮತ್ತಾಯನ ಶುಭಸಂದೇಶದ ಇಪ್ಪತ್ತೈದನೆಯ ಅಧ್ಯಾಯದಲ್ಲಿ ಕಡೆಯ ತೀರ್ಪಿನ ಪ್ರಶ್ನೆಗಳನ್ನು ಅವರು ಮೊದಲೇ ನಮಗೆ ತಿಳಿಸಿಬಿಟ್ಟಿದ್ದಾರೆ. ಹಸಿದವನಿಗೆ ಅನ್ನ, ಬಾಯಾರಿದವನಿಗೆ ನೀರು, ರೋಗಿಗೆ ಆರೈಕೆ. ಇವುಗಳ ಸಾಲಿನಲ್ಲೇ ಸೆರೆಯಲ್ಲಿದ್ದವನ ಭೇಟಿಯೂ ಬರುತ್ತದೆ. ಅಲ್ಲಿ ಒಂದು ಮಾತನ್ನು ಗಮನಿಸಬೇಕು. ಆ ಬಂದಿ ನಿರಪರಾಧಿಯಾಗಿದ್ದರೆ ಮಾತ್ರ ಎಂಬ ಷರತ್ತನ್ನು ಪ್ರಭು ಹಾಕಿಲ್ಲ. ಬಿಡಿಸಿದೆಯಾ ಎಂದೂ ಕೇಳುವುದಿಲ್ಲ. ಹೋಗಿ ನೋಡಿದೆಯಾ ಎಂದಷ್ಟೇ ಕೇಳುತ್ತಾರೆ. ಸ್ವತಃ ಅವರೂ ಒಂದು ರಾತ್ರಿ ಬಂದಿಯಾಗಿ ಪ್ರಧಾನ ಯಾಜಕನ ಮನೆಯಂಗಳದಲ್ಲಿ ಕಳೆದವರು, ಆತುರದ ವಿಚಾರಣೆಗೆ ಗುರಿಯಾದವರು, ಜೊತೆಯಲ್ಲಿದ್ದ ಶಿಷ್ಯನಿಂದಲೇ ಗುರುತಿಲ್ಲವೆನಿಸಿಕೊಂಡವರು.

ಇಲ್ಲಿ ವಾಚಕರಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ಕೊಲೆಯಾದವನ ಹೆಂಡತಿಯ ಗತಿಯೇನು? ಕಳುವಾದ ಮನೆಯವರ ನೋವಿಗೆ ಬೆಲೆಯಿಲ್ಲವೇ? ಇದು ನ್ಯಾಯವಾದ ಪ್ರಶ್ನೆ. ಇದನ್ನು ಬದಿಗೆ ಸರಿಸುವ ಕರುಣೆ ಕರುಣೆಯಲ್ಲ, ಅದು ಭಾವುಕತೆ. ನೊಂದವರ ಮನೆಗೂ ನಾವು ಹೋಗಲೇಬೇಕು; ಒಂದು ವೇಳೆ ಒಂದೇ ಮನೆಗೆ ಹೋಗಲು ಸಾಧ್ಯವಿದ್ದರೆ ಮೊದಲು ಅಲ್ಲಿಗೇ ಹೋಗಬೇಕು. ಆದರೆ ಒಬ್ಬರ ಕಣ್ಣೀರನ್ನು ಒರೆಸಲು ಇನ್ನೊಬ್ಬರ ಕಣ್ಣೀರು ಬೇಕಾಗಿಲ್ಲ. ತತ್ತ್ವಶಾಸ್ತ್ರವು ಕೃತ್ಯವನ್ನೂ ಕರ್ತೃವನ್ನೂ ಬೇರೆಬೇರೆಯಾಗಿ ನೋಡಲು ಕಲಿಸುತ್ತದೆ. ಕೃತ್ಯ ಮುಗಿದುಹೋದದ್ದು, ಅದನ್ನು ಅಳಿಸಲು ಯಾರಿಂದಲೂ ಆಗದು. ಕರ್ತೃ ಇನ್ನೂ ಬದುಕಿರುವವನು, ಅವನಿನ್ನೂ ಏನೋ ಆಗಬಲ್ಲವನು. ಕೃತ್ಯವನ್ನು ಕೃತ್ಯವೆಂದೇ ಕರೆದು ಶಿಕ್ಷಿಸುವುದು ನ್ಯಾಯ. ಆ ಒಂದು ಕೃತ್ಯವೇ ಆ ಮನುಷ್ಯನ ಪೂರ್ತಿ ಹೆಸರು ಎಂದು ತೀರ್ಮಾನಿಸುವುದು ನ್ಯಾಯವಲ್ಲ. ನ್ಯಾಯಾಧೀಶರು ಬರೆಯುವ ಶಿಕ್ಷೆ ಸ್ವಾತಂತ್ರ್ಯದ ನಷ್ಟ. ತಾಯಿಯ ನಷ್ಟ, ಹೆಸರಿನ ನಷ್ಟ, ದೇವರ ನಷ್ಟ ಎಂದು ಯಾವ ತೀರ್ಪಿನಲ್ಲೂ ಬರೆದಿರುವುದಿಲ್ಲ. ಅವುಗಳನ್ನು ನಾವು ಸೇರಿಸಿ ಬರೆಯುತ್ತೇವೆ.

ಈ ಮಾತು ಬರಿಯ ತರ್ಕವಲ್ಲವೆಂಬುದಕ್ಕೆ ನಮ್ಮ ದೇಶದಲ್ಲೇ ಸಾಕ್ಷಿಯಿದೆ. 1995ರ ಫೆಬ್ರವರಿ 25ರಂದು ಮಧ್ಯಪ್ರದೇಶದಲ್ಲಿ ಬಸ್ಸಿನಲ್ಲಿ ಹೋಗುತ್ತಿದ್ದ ಧರ್ಮಭಗಿನಿ ರಾಣಿ ಮರಿಯಾ ಅವರನ್ನು ಸಮಂದರ್ ಸಿಂಗ್ ಎಂಬಾತ ಇರಿದು ಕೊಂದ. ಹತರಾದವರ ತಂಗಿ, ಅವರೂ ಧರ್ಮಭಗಿನಿಯೇ, ಸೆರೆಮನೆಗೆ ಹೋಗಿ ಆತನ ಕೈಗೆ ರಾಖಿ ಕಟ್ಟಿ ಅಣ್ಣನೆಂದು ಕರೆದರು. ಮನೆಯವರೇ ಕ್ಷಮಿಸಿದ್ದು ಅವನ ಅವಧಿಪೂರ್ವ ಬಿಡುಗಡೆಗೂ ದಾರಿಯಾಯಿತು. 2017ರ ನವೆಂಬರ್ 4ರಂದು ರಾಣಿ ಮರಿಯಾ ಅವರನ್ನು ಧನ್ಯರೆಂದು ಘೋಷಿಸಲಾಯಿತು. ಆ ತಂಗಿಗೆ ಅಕ್ಕನ ನೋವು ತಿಳಿದಿರಲಿಲ್ಲವೆಂದು ಯಾರು ಹೇಳಿಯಾರು?

ಇನ್ನು ಸೇವೆಯ ವಿಷಯ. ಇಂದು ದೇಶದುದ್ದಕ್ಕೂ ಕೆಲಸ ಮಾಡುತ್ತಿರುವ ಪ್ರಿಸನ್ ಮಿನಿಸ್ಟ್ರಿ ಇಂಡಿಯಾ 1981ರಲ್ಲಿ ಕೇರಳದಲ್ಲಿ ಆರಂಭವಾದದ್ದು ವರ್ಗೀಸ್ ಕರಿಪ್ಪೇರಿ ಮತ್ತು ಫ್ರಾನ್ಸಿಸ್ ಕೊಡಿಯನ್ ಎಂಬ ಇಬ್ಬರು ಗುರುವಿದ್ಯಾರ್ಥಿಗಳಿಂದ. ಅದರ ರಾಷ್ಟ್ರೀಯ ಕಚೇರಿ ನಮ್ಮ ಬೆಂಗಳೂರಿನಲ್ಲೇ ಇದೆ. ಗುರುಗಳು, ಧರ್ಮಭಗಿನಿಯರಲ್ಲದೆ ಸಂಬಳವಿಲ್ಲದೆ ದುಡಿಯುವ ಸಾಮಾನ್ಯ ವಿಶ್ವಾಸಿಗಳೂ ಅದರ ಬಲ. ಇದು ಕ್ರೈಸ್ತರ ಸ್ವತ್ತೇನೂ ಅಲ್ಲ. ರಂಗಾಯಣದ ಹುಲಗಪ್ಪ ಕಟ್ಟೀಮನಿಯವರು ಕರ್ನಾಟಕದ ಕಾರಾಗೃಹಗಳ ನಿವಾಸಿಗಳಿಗೆ ನಾಟಕ ಕಲಿಸಿ ರಂಗದ ಮೇಲೆ ನಿಲ್ಲಿಸಿದ್ದನ್ನು ನಾಡು ಕಂಡಿದೆ. ಒಳ್ಳೆಯದನ್ನು ಯಾರು ಮಾಡಿದರೂ ಅವರಿಂದ ಕಲಿಯುವುದು ವಿವೇಕ.

ಹಾಗಾದರೆ ಸ್ವಯಂಸೇವಕನೊಬ್ಬ ಮಾಡುವುದೇನು? ಕಾರಾಗೃಹದ ಅಧಿಕಾರಿಗಳ ಅನುಮತಿ ಪಡೆದು, ಅಲ್ಲಿನ ನಿಯಮಗಳಿಗೆ ತಲೆಬಾಗಿ, ನಿಗದಿಯಾದ ದಿನ ತಪ್ಪದೆ ಹೋಗುತ್ತಾನೆ. ಒಳಗಿನಿಂದ ಹೊರಕ್ಕಾಗಲಿ ಹೊರಗಿನಿಂದ ಒಳಕ್ಕಾಗಲಿ ಚೀಟಿ, ಫೋನು, ಹಣ ಯಾವುದನ್ನೂ ಸಾಗಿಸುವುದಿಲ್ಲ. ಏನು ಮಾಡಿದೆ ಎಂದು ಕೇಳುವುದಿಲ್ಲ. ಅವರಾಗಿ ಹೇಳಿದರೆ ಕೇಳಿಸಿಕೊಂಡು ಅಲ್ಲೇ ಬಿಡುತ್ತಾನೆ. ಮತಕ್ಕೆ ಸೆಳೆಯುವ ಉದ್ದೇಶದಿಂದ ಹೋಗುವುದಿಲ್ಲ. ಬಂದಿಯ ಏಕಾಂತವನ್ನು ಅವಕಾಶವೆಂದು ಬಳಸಿಕೊಳ್ಳುವುದು ಪ್ರೀತಿಗೆ ಮಾಡುವ ಅವಮಾನ. ಕೇಳಿದ ಕ್ರೈಸ್ತನಿಗೆ ಪ್ರಾರ್ಥನೆ, ಮಿಕ್ಕವರಿಗೆ ಅಕ್ಷರ, ಎಲ್ಲರಿಗೂ ಗೌರವ. ಮಹಿಳಾ ವಿಭಾಗದಲ್ಲಿ ತಾಯಂದಿರ ಜೊತೆ ಪುಟ್ಟ ಮಕ್ಕಳೂ ಇರಬಹುದು; 2006ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ ಆರು ವರ್ಷ ತುಂಬುವವರೆಗೆ ಮಗುವನ್ನು ತಾಯಿ ತನ್ನ ಬಳಿ ಇಟ್ಟುಕೊಳ್ಳಬಹುದು. ಯಾವ ತಪ್ಪನ್ನೂ ಮಾಡದ ಆ ಕೂಸುಗಳಿಗೆ ಒಂದು ಚಿತ್ರಪುಸ್ತಕ, ಒಂದು ಹಾಡು ಕೊಡುವವರು ಬೇಕು. ಕ್ರಿಸ್ತಜಯಂತಿಯಂದು ಹೋಗಿ ಸಿಹಿ ಹಂಚಿ ಫೋಟೋ ತೆಗೆಸಿಕೊಂಡು ಬರುವುದು ತಪ್ಪಲ್ಲ. ಆದರೆ ಹಬ್ಬದ ದಿನ ಬರುವವರು ಅನೇಕರು. ಜೂನ್ ತಿಂಗಳ ಒಂದು ಸಾಧಾರಣ ಮಂಗಳವಾರ ಬರುವವನೇ ನಿಜವಾದ ಅತಿಥಿ.

ಸೇವೆಯ ಅರ್ಧ ಭಾಗ ಗೋಡೆಯ ಹೊರಗಿದೆ, ಅದಕ್ಕೆ ಕಾನೂನಿನ ತಿಳಿವಳಿಕೆ ಬೇಕು. ಇಲ್ಲಿ ಕೆಲವು ಸಂಗತಿಗಳನ್ನು ಓದುಗರು ಬರೆದಿಟ್ಟುಕೊಳ್ಳಲಿ ಎಂಬ ಆಸೆಯಿಂದ ಹೇಳುತ್ತೇವೆ. ಬಂಧನದಲ್ಲಿರುವ ಯಾರಿಗೇ ಆಗಲಿ ಉಚಿತ ಕಾನೂನು ನೆರವು ಪಡೆಯುವ ಹಕ್ಕನ್ನು 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ ಕೊಟ್ಟಿದೆ. ಅದನ್ನು ಒದಗಿಸಬೇಕಾದದ್ದು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ. ಜಾಮೀನು ಮಂಜೂರಾಗಿ ಏಳು ದಿನಗಳಲ್ಲಿ ಬಿಡುಗಡೆಯಾಗದಿದ್ದರೆ ಕಾರಾಗೃಹದ ಅಧೀಕ್ಷಕರು ಆ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕೆಂದೂ, ಒಂದು ತಿಂಗಳಾದರೂ ಮುಚ್ಚಳಿಕೆ ಕೊಡಲಾಗದಿದ್ದರೆ ಷರತ್ತುಗಳನ್ನು ಸಡಿಲಿಸಬಹುದೇ ಎಂದು ನ್ಯಾಯಾಲಯವೇ ಪರಿಶೀಲಿಸಬಹುದೆಂದೂ ಸರ್ವೋಚ್ಚ ನ್ಯಾಯಾಲಯ 2023ರ ಜನವರಿ 31ರಂದು ನಿರ್ದೇಶಿಸಿದೆ. ಹಣವಿಲ್ಲದೆ ಒಳಗೇ ಉಳಿದ ಬಡ ಬಂದಿಗಳಿಗಾಗಿ ಕೇಂದ್ರ ಸರ್ಕಾರ 2023ರಲ್ಲಿ ರೂಪಿಸಿದ ಯೋಜನೆಯ ಮಾರ್ಗಸೂಚಿಯಲ್ಲಿ ಜಾಮೀನಿಗೆ 40,000 ರೂಪಾಯಿಯವರೆಗೆ, ದಂಡ ಕಟ್ಟಲು 25,000 ರೂಪಾಯಿಯವರೆಗೆ ನೆರವಿಗೆ ಅವಕಾಶವಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೆಯ ಕಲಮಿನಂತೆ, ಹಿಂದೆ ಯಾವ ಅಪರಾಧದಲ್ಲೂ ದೋಷಿಯೆಂದು ತೀರ್ಮಾನವಾಗದ ಆರೋಪಿಯು ತನ್ನ ಮೇಲಿರುವ ಅಪರಾಧದ ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಭಾಗದಷ್ಟು ಕಾಲ ಬಂಧನದಲ್ಲಿ ಕಳೆದಿದ್ದರೆ ಮುಚ್ಚಳಿಕೆಯ ಮೇಲೆ ಬಿಡುಗಡೆಗೆ ಅರ್ಹ, ಇತರರಿಗೆ ಅದು ಅರ್ಧ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಗೆ ಗುರಿಯಾಗುವ ಅಪರಾಧಗಳಿಗೆ, ಹಲವು ಪ್ರಕರಣಗಳು ಬಾಕಿಯಿರುವವರಿಗೆ ಇದು ಅನ್ವಯಿಸದು.

ಕಾನೂನು ಬಾಗಿಲನ್ನು ಇಷ್ಟು ತೆರೆದಿದೆ. ಆದರೆ ಓದು ಬರಹವಿಲ್ಲದ ತಾಯಿಗೆ ಆ ಬಾಗಿಲು ಎಲ್ಲಿದೆಯೆಂದು ಯಾರು ತೋರಿಸಬೇಕು? ನಮ್ಮ ಧರ್ಮಕೇಂದ್ರಗಳಲ್ಲಿ ನಿವೃತ್ತ ಶಿಕ್ಷಕರಿದ್ದಾರೆ, ಬ್ಯಾಂಕಿನಲ್ಲಿ ದುಡಿದವರಿದ್ದಾರೆ, ವಕೀಲರಿದ್ದಾರೆ, ಅರ್ಜಿ ಬರೆಯಬಲ್ಲ ಪದವೀಧರ ಯುವಕಯುವತಿಯರಿದ್ದಾರೆ. ತಿಂಗಳಿಗೆ ಎರಡು ದಿನ ಒಬ್ಬ ತಾಯಿಯ ಜೊತೆ ಪ್ರಾಧಿಕಾರದ ಕಚೇರಿಯವರೆಗೆ ನಡೆದುಹೋಗುವುದು ಇವರಲ್ಲಿ ಯಾರ ಕೈಲಿ ಆಗದು?

ಜಾಮೀನುದಾರರಾಗಿ ನಿಲ್ಲುವ ಮಾತು ಇದಕ್ಕಿಂತ ಕಠಿಣ. ಆರೋಪಿ ತಲೆತಪ್ಪಿಸಿಕೊಂಡರೆ ಮುಚ್ಚಳಿಕೆಯ ಹಣ ಜಾಮೀನುದಾರನ ಮೇಲೆ ಬರುತ್ತದೆ. ಗುರುತಿಲ್ಲದವರಿಗೆಲ್ಲ ಸಹಿ ಹಾಕಿರೆಂದು ನಾವು ಯಾರಿಗೂ ಹೇಳಲಾರೆವು. ಮನೆಮಕ್ಕಳ ಅನ್ನವನ್ನು ಪಣಕ್ಕಿಡುವುದು ಸದ್ಗುಣವಲ್ಲ. ಆದರೆ ಹತ್ತು ವರ್ಷ ನಮ್ಮ ಪಕ್ಕದ ಬೆಂಚಿನಲ್ಲಿ ಕುಳಿತು ಪ್ರಾರ್ಥಿಸಿದವಳ ಮಗನನ್ನು ಗುರುತಿಲ್ಲದವನೆಂದು ಹೇಳುವ ಮುನ್ನ ಒಮ್ಮೆ ಯೋಚಿಸಬೇಕು. ಅಂಗಳದಲ್ಲಿ ಚಳಿ ಕಾಯಿಸುತ್ತಾ ಪೇತ್ರ ಹೇಳಿದ್ದೂ ಅದೇ ಮಾತನ್ನಲ್ಲವೇ?

ಆ ತಾಯಿಯ ಮಗನಿಗೆ ಕಡೆಗೆ ಸಹಿ ಹಾಕಿದವರು ನಿವೃತ್ತ ಶಿಕ್ಷಕರೊಬ್ಬರು. ಮೂರು ಎಕರೆ ಹೊಲದ ಪಹಣಿ ಹಿಡಿದು ಬಂದು ನಿಂತರು. ಹುಡುಗ ಹೊರಬಂದ. ಪ್ರಕರಣ ಮುಗಿಯುವವರೆಗೂ ಒಂದು ತಾರೀಖನ್ನೂ ತಪ್ಪಿಸಲಿಲ್ಲ. ತೀರ್ಪು ಏನಾಯಿತೆಂದು ಇಲ್ಲಿ ಬರೆಯುವುದಿಲ್ಲ. ಬರೆದರೆ, ಆ ಶಿಕ್ಷಕರು ಮಾಡಿದ್ದು ಸರಿಯೋ ತಪ್ಪೋ ಎಂಬುದನ್ನು ಓದುಗರು ಆ ತೀರ್ಪಿನಿಂದಲೇ ಅಳೆದಾರು.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಹೊರಬಂದ ಹುಡುಗ ಎರಡು ಮೂರು ಭಾನುವಾರ ದೇವಾಲಯಕ್ಕೆ ಬಂದು ಕಡೆಯ ಬೆಂಚಿನಲ್ಲಿ ಕುಳಿತ. ಅವನು ಕುಳಿತ ಬೆಂಚು ಖಾಲಿಯಾಗಿಯೇ ಇರುತ್ತಿತ್ತು. ಅಕ್ಟೋಬರ್ ಬಂತು. ಜಪಸರದ ತಿಂಗಳಲ್ಲಿ ಮಾತೆ ಮರಿಯಮ್ಮನವರ ಸ್ವರೂಪ ಮನೆಯಿಂದ ಮನೆಗೆ ಹೋಗುವುದು ನಮ್ಮಲ್ಲಿ ವಾಡಿಕೆ. ಆ ವರ್ಷ ಆ ಸ್ವರೂಪ ಅವರ ಮನೆಯನ್ನು ದಾಟಿ ಮುಂದಿನ ಮನೆಗೆ ಹೋಯಿತು. ಬೇಡವೆಂದು ಯಾರೂ ಹೇಳಲಿಲ್ಲ. ಹೊತ್ತುಕೊಂಡು ಒಳಗೆ ಹೋಗುವವರೂ ಯಾರೂ ಆಗಲಿಲ್ಲ. ಪಾಲಕರೆನಿಸಿಕೊಂಡ ನಾವೂ ಅದನ್ನು ಗಮನಿಸಲಿಲ್ಲ. ಕ್ರಿಸ್ತಜಯಂತಿಯ ಹೊತ್ತಿಗೆ ತಾಯಿ ಮಗ ಇಬ್ಬರೂ ಬರುವುದನ್ನು ನಿಲ್ಲಿಸಿದ್ದರು. ಆಮೇಲೆ ನಮಗೆ ತಿಳಿಯಿತು. ಕಾನೂನು ಬಿಟ್ಟವನನ್ನು ನಾವು ಬಿಡಲಿಲ್ಲ.

ಪ್ರೇಷಿತರ ಕಾರ್ಯಕಲಾಪಗಳ ಹನ್ನೆರಡನೆಯ ಅಧ್ಯಾಯದಲ್ಲಿ ಒಂದು ಪ್ರಸಂಗವಿದೆ. ಪೇತ್ರ ಸೆರೆಯಲ್ಲಿದ್ದಾನೆ. ಮಾರ್ಕನ ತಾಯಿ ಮರಿಯಳ ಮನೆಯಲ್ಲಿ ವಿಶ್ವಾಸಿಗಳು ಕೂಡಿ ಪ್ರಾರ್ಥಿಸುತ್ತಿದ್ದಾರೆ. ದೇವದೂತ ಪೇತ್ರನ ಸರಪಳಿಗಳನ್ನು ಕಳಚಿ ಹೊರಗೆ ತರುತ್ತಾನೆ. ಊರ ಕಡೆಗಿನ ಕಬ್ಬಿಣದ ಬಾಗಿಲು ತಾನಾಗಿಯೇ ತೆರೆದುಕೊಳ್ಳುತ್ತದೆ. ಪೇತ್ರ ಬಂದು ಆ ಮನೆಯ ಕದ ತಟ್ಟುತ್ತಾನೆ. ದನಿ ಗುರುತಿಸಿದ ರೋದೆ ಎಂಬ ಹುಡುಗಿ ಸಂತೋಷದಲ್ಲಿ ಕದ ತೆರೆಯುವುದನ್ನೇ ಮರೆತು ಒಳಗೆ ಓಡುತ್ತಾಳೆ. ಪ್ರಾರ್ಥಿಸುತ್ತಿದ್ದವರು ಅವಳಿಗೆ ಹುಚ್ಚೆನ್ನುತ್ತಾರೆ. ಪೇತ್ರ ಹೊರಗೆ ನಿಂತು ತಟ್ಟುತ್ತಲೇ ಇರುತ್ತಾನೆ. ಸೆರೆಮನೆಯ ಕಬ್ಬಿಣದ ಬಾಗಿಲು ಸುಲಭವಾಗಿ ತೆರೆಯಿತು. ಪ್ರಾರ್ಥನೆಯ ಮನೆಯ ಮರದ ಬಾಗಿಲು ತೆರೆಯಲು ತಡವಾಯಿತು. ಈ ಪ್ರಸಂಗವನ್ನು ಓದುವಾಗಲೆಲ್ಲ ಆ ಖಾಲಿ ಬೆಂಚು ನಮ್ಮ ಕಣ್ಣಮುಂದೆ ಬರುತ್ತದೆ.

ಜಗದ್ಗುರು ಫ್ರಾನ್ಸಿಸ್‌ರವರು 2013ರಲ್ಲಿ ತಮ್ಮ ಮೊದಲ ಪವಿತ್ರ ಗುರುವಾರದಂದು ರೋಮಿನ ಬಾಲಬಂದಿಗಳ ಪಾದ ತೊಳೆದರು. 2024ರ ಡಿಸೆಂಬರ್ 26ರಂದು ರೆಬಿಬ್ಬಿಯಾ ಸೆರೆಮನೆಯಲ್ಲಿ ಜ್ಯೂಬಿಲಿ ವರ್ಷದ ಪವಿತ್ರ ದ್ವಾರವನ್ನು ತೆರೆದರು. 2025ರ ಪವಿತ್ರ ಗುರುವಾರ, ಮರಣಕ್ಕೆ ನಾಲ್ಕೇ ದಿನ ಮೊದಲು, ಪಾದ ತೊಳೆಯುವ ಶಕ್ತಿಯಿಲ್ಲದಿದ್ದರೂ ರೆಜಿನಾ ಚೇಲಿ ಸೆರೆಮನೆಗೆ ಹೋಗಿಬಂದರು. ಪಾದ ತೊಳೆಯಲಾಗದಿದ್ದರೂ ಹೋಗುವುದು ಸಾಧ್ಯವೆಂದು ತೋರಿಸಿಕೊಟ್ಟರು.

ನಮ್ಮಿಂದ ಸಾಧ್ಯವಾಗುವುದು ಇಷ್ಟು. ಪ್ರತಿ ಧರ್ಮಕೇಂದ್ರದ ಪಾಲನಾ ಸಮಿತಿ ಇಬ್ಬರನ್ನಾದರೂ ಈ ಸೇವೆಗೆ ಗೊತ್ತುಮಾಡಲಿ. ಬಳ್ಳಾರಿಯಿಂದ ಸಿರುಗುಪ್ಪ, ಕುರುಗೋಡಿನವರೆಗೆ, ಬಂಧನದಲ್ಲಿರುವವರ ಮನೆ ಯಾವುದೆಂದು ಪಾಲಕರಿಗೆ ಗುಟ್ಟಾಗಿ ತಿಳಿದಿರಲಿ. ಆ ಮನೆಗೆ ತಿಂಗಳಿಗೊಮ್ಮೆ ಯಾರಾದರೂ ಹೋಗಿ ಕುಳಿತು ಬರಲಿ. ಬಿಡುಗಡೆಯಾಗಿ ಬಂದವನ ಪಕ್ಕದಲ್ಲಿ ಮೊದಲ ಭಾನುವಾರ ಒಂದು ಕುಟುಂಬ ಕುಳಿತುಕೊಳ್ಳಲಿ. ಮಕ್ಕಳು ಅದನ್ನು ನೋಡಲಿ. ಧರ್ಮೋಪದೇಶದ ತರಗತಿಯಲ್ಲಿ ಒಂದು ವರ್ಷ ಕಲಿಯುವುದನ್ನು ಆ ಒಂದು ಗಂಟೆಯಲ್ಲಿ ಕಲಿತಾರು.

ಆ ತಾಯಿಯ ಮನೆಗೆ ನಾವು ಬಹಳ ತಡವಾಗಿ ಹೋದೆವು. ಕ್ಷಮೆ ಕೇಳಿದೆವು. ಅವಳು ಹೆಚ್ಚೇನೂ ಹೇಳಲಿಲ್ಲ. ನೀರು ಕೊಟ್ಟಳು, ಕೂಡಿರಿ ಎಂದಳು. ಬರುವ ಅಕ್ಟೋಬರಿನಲ್ಲಿ ಮಾತೆಯ ಸ್ವರೂಪ ಆ ಓಣಿಗೆ ಹೋದಾಗ ಮೊದಲು ಆ ಮನೆಗೇ ಹೋಗಬೇಕೆಂದು ನಿಶ್ಚಯಿಸಿದ್ದೇವೆ. ಹೊತ್ತುಕೊಂಡು ಹೋಗಲು ನಾಲ್ಕು ಮಂದಿ ಬೇಕು. ಹೆಸರು ಕೊಡುವವರು ಬಲಿಪೂಜೆಯ ನಂತರ ನಮ್ಮನ್ನು ಕಾಣಲಿ.